ಮರೆವು ಕಾಣುವುದಕ್ಕೆ 20 ವರ್ಷ ಮೊದಲು

ಅಲ್ಝೈಮರ್ ಕಾಯಿಲೆಗೆ ಬಂದಿರುವ ಹೊಸ ಔಷಧಗಳ ಬಗ್ಗೆ ಎರಡು ಥರದ ಮಾತು ಕೇಳಿಬರುತ್ತಿದೆ. ಕೊನೆಗೂ ಮದ್ದು ಸಿಕ್ಕಿತು ಅಂತ ಒಬ್ಬರು. ಉಪಯೋಗಕ್ಕಿಂತ ಅಪಾಯವೇ ಜಾಸ್ತಿ ಅಂತ ಇನ್ನೊಬ್ಬರು. ಇಬ್ಬರೂ ತೋರಿಸುವುದು ಒಂದೇ ಅಂಕಿಯನ್ನು. ಆ ಅಂಕಿ 0.45. ಅದು ಎಲ್ಲಿಂದ ಬಂತು ಅಂತ ಹತ್ತಿರದಿಂದ ನೋಡಿದರೆ, ಮೆದುಳಿನ ಕಾಯಿಲೆಗಳ ಸಂಶೋಧನೆ ಈಗ ಎಲ್ಲಿಗೆ ಬಂದು ನಿಂತಿದೆ ಅನ್ನುವುದು ಬಹಳಷ್ಟು ಅರ್ಥವಾಗುತ್ತದೆ.

ಲೆಕಾನೆಮ್ಯಾಬ್ ಅನ್ನುವ ಔಷಧದ ದೊಡ್ಡ ಪ್ರಯೋಗದಲ್ಲಿ 1,795 ಜನ ಇದ್ದರು. ಎಲ್ಲರದೂ ಕಾಯಿಲೆಯ ಆರಂಭದ ಹಂತ. ಅರ್ಧದಷ್ಟು ಜನರಿಗೆ ಎರಡು ವಾರಕ್ಕೊಮ್ಮೆ ಔಷಧದ ಡ್ರಿಪ್ ಹಾಕಿದರು. ಉಳಿದವರಿಗೆ ಔಷಧವಿಲ್ಲದ ಡ್ರಿಪ್. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 18 ತಿಂಗಳಾದ ಮೇಲೆ ಎರಡೂ ಗುಂಪನ್ನು ಅಳೆದು ನೋಡಿದರು. ಈ ಅಳತೆ ರಕ್ತಪರೀಕ್ಷೆಯೂ ಅಲ್ಲ, ಸ್ಕ್ಯಾನೂ ಅಲ್ಲ. ರೋಗಿಯನ್ನೂ, ಅವರನ್ನು ದಿನವೂ ನೋಡುವ ಒಬ್ಬರನ್ನೂ ಕೂರಿಸಿಕೊಂಡು ಕೇಳುವ ಪ್ರಶ್ನೆಗಳು. ನೆನಪು ಹೇಗಿದೆ, ಇವತ್ತು ಯಾವ ದಿನ, ಇದು ಯಾವ ಜಾಗ ಅನ್ನುವ ಅರಿವಿದೆಯಾ, ಸಮಸ್ಯೆ ಬಂದರೆ ಬಗೆಹರಿಸಿಕೊಳ್ಳುತ್ತಾರಾ, ಹೊರಗಿನ ವ್ಯವಹಾರ ನಡೆಸುತ್ತಾರಾ, ಮನೆಗೆಲಸ ಮತ್ತು ಹವ್ಯಾಸ ಹೇಗೆ ಸಾಗಿದೆ, ಸ್ನಾನ, ಬಟ್ಟೆ ತಾವೇ ನೋಡಿಕೊಳ್ಳುತ್ತಾರಾ. ಈ ಆರು ವಿಷಯಕ್ಕೆ ತಲಾ 3ರಂತೆ ಒಟ್ಟು 18 ಅಂಕ. ಅಂಕ ಏರಿದಷ್ಟೂ ಸ್ಥಿತಿ ಕೆಟ್ಟಿದೆ ಅಂತ ಅರ್ಥ.

ಔಷಧ ಇಲ್ಲದವರ ಅಂಕ ಸರಾಸರಿ 1.66ರಷ್ಟು ಏರಿತು. ಔಷಧ ಸಿಕ್ಕವರದು 1.21. ವ್ಯತ್ಯಾಸ 0.45. "ಕಾಯಿಲೆ ಶೇ. 27ರಷ್ಟು ನಿಧಾನವಾಯಿತು" ಅಂತ ಸುದ್ದಿಯಾಗಿದ್ದು ಇದೇ. "18ರಲ್ಲಿ ಅರ್ಧ ಅಂಕವೂ ಇಲ್ಲ" ಅಂತ ತಳ್ಳಿಹಾಕಿದ್ದೂ ಇದನ್ನೇ. ಎರಡೂ ಲೆಕ್ಕ ಸರಿಯಾಗಿದೆ. ಈ ಅಳತೆಯಲ್ಲಿ ಅರ್ಧ ಅಂಕ ಅಂದರೆ ಒಂದು ಮೆಟ್ಟಿಲು. ನೆನಪಿನ ವಿಷಯದಲ್ಲಿ ಅರ್ಧ ಅಂಕ ಅಂದರೆ ಚೂರುಪಾರು ಮರೆವು. 1 ಅಂದರೆ ಇತ್ತೀಚಿನ ಸಂಗತಿಗಳೇ ಮರೆತುಹೋಗಿ ದಿನದ ಕೆಲಸಕ್ಕೆ ಅಡ್ಡಿಯಾಗುವ ಸ್ಥಿತಿ. ಒಬ್ಬ ಮನುಷ್ಯ ಆ ಮೆಟ್ಟಿಲು ಇಳಿಯುವುದು ಕೆಲವು ತಿಂಗಳು ಮುಂದಕ್ಕೆ ಹೋಯಿತು ಅಂದರೆ ಅದು ಸಣ್ಣ ವಿಷಯ ಅಲ್ಲ. ಆದರೆ ಇದು ಸರಾಸರಿ. ನಿಮ್ಮ ಕಣ್ಣೆದುರಿಗಿರುವ ಒಬ್ಬ ರೋಗಿಯಲ್ಲಿ ಈ ವ್ಯತ್ಯಾಸ ಗುರುತಿಸುವುದು ಕಷ್ಟ. ಔಷಧ ತೆಗೆದುಕೊಂಡವರ ಸ್ಥಿತಿಯೂ ಕೆಡುತ್ತಲೇ ಹೋಯಿತು ಅನ್ನುವುದನ್ನೂ ಮರೆಯಬಾರದು. ಜೊತೆಗೆ ಸುಮಾರು 8 ಜನರಲ್ಲಿ ಒಬ್ಬರ ಮೆದುಳಿನಲ್ಲಿ ಊತ ಕಂಡುಬಂತು. ಹೆಚ್ಚಿನವರಿಗೆ ಅದು ಸ್ಕ್ಯಾನಿನಲ್ಲಿ ಮಾತ್ರ ಗೊತ್ತಾಯಿತು. ಕೆಲವರಿಗೆ ಮಾತ್ರ ಅದು ನಿಜಕ್ಕೂ ಅಪಾಯ ತಂದಿತು.

ನನಗೆ ಇದರಲ್ಲಿ ಮುಖ್ಯ ಅನ್ನಿಸುವ ಪ್ರಶ್ನೆ ಬೇರೆ. ಮೆದುಳಿನಲ್ಲಿ ಗಟ್ಟಿಯಾಗಿ ಕೂತ ಅಮಿಲಾಯ್ಡ್ ಅನ್ನುವ ಪ್ರೋಟೀನನ್ನು ತೆಗೆಯುವುದು ಈ ಔಷಧದ ಕೆಲಸ. ಅದನ್ನು ಚೆನ್ನಾಗಿಯೇ ಮಾಡಿತು. 18 ತಿಂಗಳ ಕೊನೆಗೆ ಸ್ಕ್ಯಾನ್ ತೆಗೆದಾಗ, ಔಷಧ ಸಿಕ್ಕವರ ಸರಾಸರಿ ಅಮಿಲಾಯ್ಡ್ ಮಟ್ಟ "ಇದೆ" ಅನ್ನುವ ಗೆರೆಗಿಂತ ಕೆಳಗೆ ಬಂದಿತ್ತು. ಅಮಿಲಾಯ್ಡ್ ಹೋಯಿತು, ಕಾಯಿಲೆ ಹೋಗಲಿಲ್ಲ. ಯಾಕೆ?

ಉತ್ತರದ ದೊಡ್ಡ ಭಾಗ ಕಾಲದಲ್ಲಿದೆ ಅಂತ ನಾನು ನಂಬುತ್ತೇನೆ. ಮರೆವು ಕಾಣಿಸಿಕೊಳ್ಳುವ ಹೊತ್ತಿಗೆ ಕಾಯಿಲೆಗೆ 15ರಿಂದ 20 ವರ್ಷ ವಯಸ್ಸಾಗಿರುತ್ತದೆ. ನಾವು ಬೆಂಕಿ ಬಿದ್ದ ಮೇಲೆ ಬಾವಿ ತೋಡುತ್ತಿದ್ದೇವೆ. ಕಳೆದ 20 ವರ್ಷದಲ್ಲಿ ಈ ಕ್ಷೇತ್ರದಲ್ಲಿ ನಡೆದ ಒಳ್ಳೆಯ ಕೆಲಸವನ್ನೆಲ್ಲ ಸೇರಿಸಿ ನೋಡಿದರೆ, ಆ ಮೂಕ ವರ್ಷಗಳ ಒಳಗೆ ಇಣುಕುವ ದಾರಿಗಳನ್ನು ಹುಡುಕಿದ್ದೇ ದೊಡ್ಡ ಸಾಧನೆಯಾಗಿ ಕಾಣುತ್ತದೆ.

ಹಿಂದಿನ ಕತೆ ಚುಟುಕಾಗಿ ಹೇಳುವುದಾದರೆ ಹೀಗೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಆಗುಸ್ಟೆ ಡೆಟರ್ ಅನ್ನುವ 51 ವರ್ಷದ ಮಹಿಳೆಯನ್ನು ಕರೆತಂದರು. ತನ್ನ ಹೆಸರನ್ನೂ ಸರಿಯಾಗಿ ಬರೆಯಲಾಗದೆ ಒದ್ದಾಡುತ್ತಿದ್ದ ಆಕೆಯನ್ನು ಮಾತಾಡಿಸಿ ಬರೆದಿಟ್ಟವರು ಅಲೋಯಿಸ್ ಅಲ್ಝೈಮರ್. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳಿನ ತೆಳು ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಹೊರಗೆ ಗಂಟುಗಂಟಾದ ಕಲೆಗಳು, ಒಳಗೆ ಸಿಕ್ಕುಗಟ್ಟಿದ ಎಳೆಗಳು. ಹೊರಗಿನದು ಅಮಿಲಾಯ್ಡ್, ಒಳಗಿನದು ಟೌ ಅನ್ನುವ ಇನ್ನೊಂದು ಪ್ರೋಟೀನ್ ಅಂತ ಗೊತ್ತಾಗಲು ಇನ್ನೂ ಸುಮಾರು 80 ವರ್ಷ ಹಿಡಿಯಿತು. ಅಷ್ಟು ತಡವಾಗಲು ಒಂದು ಕಾರಣ, ಇದನ್ನು ಐವತ್ತರ ಆಸುಪಾಸಿನವರಿಗೆ ಬರುವ ಅಪರೂಪದ ಕಾಯಿಲೆ ಅಂದುಕೊಂಡಿದ್ದು. ವಯಸ್ಸಾದವರ ಮರೆವು ಮಾತ್ರ ಅರಳುಮರಳು, ಸಹಜ, ಅದಕ್ಕೇನು ಮಾಡಲಾಗದು ಅನ್ನುವ ಭಾವನೆ ವೈದ್ಯರಲ್ಲೂ ಇತ್ತು. ಎರಡೂ ಒಂದೇ ಕಾಯಿಲೆ, ಇದು ಕೋಟ್ಯಂತರ ಜನರ ಸಮಸ್ಯೆ ಅಂತ ರಾಬರ್ಟ್ ಕಾಟ್ಜ್‌ಮನ್ ಅನ್ನುವ ನರರೋಗ ತಜ್ಞ 1976ರಲ್ಲಿ ಗಟ್ಟಿಯಾಗಿ ಬರೆದ ಮೇಲೆಯೇ ಗಾಳಿ ಬದಲಾಗಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ 5.7 ಕೋಟಿ ಜನರಿಗೆ ಡಿಮೆನ್ಷಿಯಾ, ಅಂದರೆ ನೆನಪು ಮತ್ತು ಬುದ್ಧಿ ಕುಂದಿ ದಿನದ ಬದುಕಿಗೆ ಅಡ್ಡಿಯಾಗುವ ಸ್ಥಿತಿ, ಇತ್ತು. ವರ್ಷಕ್ಕೆ ಸುಮಾರು 1 ಕೋಟಿ ಹೊಸಬರು ಸೇರುತ್ತಿದ್ದಾರೆ. ಅವರಲ್ಲಿ ಶೇ. 60ರಿಂದ 70ರಷ್ಟು ಜನರಿಗೆ ಅಲ್ಝೈಮರ್.

ಕಾಯಿಲೆ 20 ವರ್ಷ ಮೊದಲೇ ಶುರುವಾಗುತ್ತದೆ ಅಂತ ಹೇಗೆ ಗೊತ್ತಾಯಿತು? ಬಹುಕಾಲ ಇದನ್ನು ಖಚಿತಪಡಿಸಲು ಸಾವಿನ ನಂತರ ಮೆದುಳನ್ನು ತೆರೆದು ನೋಡುವುದೊಂದೇ ದಾರಿಯಾಗಿತ್ತು. 2004ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ವಿಜ್ಞಾನಿಗಳು ಅಮಿಲಾಯ್ಡ್‌ಗೆ ಅಂಟಿಕೊಂಡು ಪೆಟ್ ಸ್ಕ್ಯಾನಿನಲ್ಲಿ ಹೊಳೆಯುವ ಒಂದು ರಾಸಾಯನಿಕದ ವಿವರ ಪ್ರಕಟಿಸಿದರು. ಬದುಕಿರುವ ಮನುಷ್ಯನ ಮೆದುಳಿನಲ್ಲಿ ಮೊದಲ ಸಲ ಅಮಿಲಾಯ್ಡ್ ಕಂಡಿತು. ಆರೋಗ್ಯವಾಗಿ ಓಡಾಡಿಕೊಂಡಿದ್ದ ಎಷ್ಟೋ ಹಿರಿಯರ ಮೆದುಳಿನಲ್ಲೂ ಅದು ಕಂಡಿತು.

ಇನ್ನೂ ಸ್ಪಷ್ಟ ಚಿತ್ರ ಸಿಕ್ಕಿದ್ದು ಕೊಲಂಬಿಯಾ ದೇಶದ ಆಂಟಿಯೋಕಿಯಾ ಪ್ರಾಂತ್ಯದ ಒಂದು ದೊಡ್ಡ ಕುಟುಂಬ ಸಮೂಹದಿಂದ. ಫ್ರಾನ್ಸಿಸ್ಕೊ ಲೋಪೆರಾ ಅನ್ನುವ ವೈದ್ಯ 1980ರ ದಶಕದಿಂದ 2024ರಲ್ಲಿ ತೀರಿಕೊಳ್ಳುವವರೆಗೂ ಈ ಜನರ ಜೊತೆ ಕೆಲಸ ಮಾಡಿದರು. ಅಲ್ಲಿ ತಲೆಮಾರುಗಳಿಂದ ಒಂದು ಜೀನ್ ದೋಷ ಹರಿದುಬಂದಿದೆ. ಅದು ಇದ್ದವರಿಗೆ 44ರ ಆಸುಪಾಸಿನಲ್ಲಿ ಮರೆವು ಶುರುವಾಗುತ್ತದೆ, 49ರ ಹೊತ್ತಿಗೆ ಡಿಮೆನ್ಷಿಯಾ. ಯಾರಿಗೆ ಬರುತ್ತದೆ, ಯಾವಾಗ ಬರುತ್ತದೆ ಎರಡೂ ಮೊದಲೇ ಗೊತ್ತು. ಹಾಗಾಗಿ ಯುವಕರನ್ನೂ ಸ್ಕ್ಯಾನ್ ಮಾಡಿ ನೋಡಬಹುದಾಯಿತು. ಅಮಿಲಾಯ್ಡ್ ಜಮೆಯಾಗಲು ಶುರುವಾಗುವುದು ಸುಮಾರು 28ನೇ ವಯಸ್ಸಿಗೆ ಅಂತ ಗೊತ್ತಾಯಿತು. ಮೊದಲ ಮರೆವಿಗೆ ಇನ್ನೂ 16 ವರ್ಷ ಇರುವಾಗಲೇ!

ಇದೇ ಸಮೂಹದ ಒಬ್ಬ ಮಹಿಳೆಯ ಬಗ್ಗೆ 2019ರಲ್ಲಿ ವರದಿ ಬಂತು. ದೋಷದ ಜೀನ್ ಆಕೆಗೂ ಇತ್ತು. ಲೆಕ್ಕದ ಪ್ರಕಾರ ನಲವತ್ತರಲ್ಲೇ ನೆನಪು ಕೈಕೊಡಬೇಕಿತ್ತು. ಎಪ್ಪತ್ತು ದಾಟುವವರೆಗೂ ಏನೂ ಆಗಲಿಲ್ಲ. ಸ್ಕ್ಯಾನ್ ಮಾಡಿದಾಗ ಮೆದುಳಿನ ತುಂಬಾ ಅಮಿಲಾಯ್ಡ್, ಆದರೆ ಟೌ ತೀರಾ ಕಡಿಮೆ. ಅಪೋಇ ಅನ್ನುವ ಇನ್ನೊಂದು ಜೀನಿನಲ್ಲಿ ಆಕೆಗೆ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಒಂದು ಅಪರೂಪದ ಬದಲಾವಣೆ ಬಂದಿತ್ತು. ಅದೇ ಆಕೆಯನ್ನು ಕಾಪಾಡಿರಬೇಕು ಅಂತ ವಿಜ್ಞಾನಿಗಳ ಲೆಕ್ಕಾಚಾರ. ಈ ಒಬ್ಬ ವ್ಯಕ್ತಿ ಕಲಿಸಿದ್ದು ಬಹಳ. ಅಮಿಲಾಯ್ಡ್ ಬಂದ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತಲ್ಲ. ಅಮಿಲಾಯ್ಡ್‌ನಿಂದ ಟೌ ಕಡೆಗೆ ಹೋಗುವ ದಾರಿಯಲ್ಲಿ ಕಾಯಿಲೆಯನ್ನು ತಡೆಯಲು ಸಾಧ್ಯವಿದೆ. ನೆನಪು, ಮಾತು, ದಿಕ್ಕಿನ ಅರಿವು ಹಾಳಾಗುವುದು ಟೌ ಎಲ್ಲಿ ಹಬ್ಬಿದೆ ಅನ್ನುವುದರ ಮೇಲೆ ಹೆಚ್ಚು ನಿಂತಿದೆ. ಅಮಿಲಾಯ್ಡ್ ಎಲ್ಲಿ ಕೂತಿದೆ ಅನ್ನುವುದರ ಮೇಲೆ ಅಷ್ಟಿಲ್ಲ.

ಹಾಗಾದರೆ ಅಮಿಲಾಯ್ಡ್ ಹಿಂದೆ ಬಿದ್ದಿದ್ದೇ ತಪ್ಪಾ? ಈ ಪ್ರಶ್ನೆ ಕೇಳುವವರ ಸಿಟ್ಟು ನನಗೆ ಅರ್ಥವಾಗುತ್ತದೆ. 2002ರಿಂದ 2012ರವರೆಗೆ ಅಲ್ಝೈಮರ್‌ಗೆ 244 ಔಷಧಗಳನ್ನು 413 ಪ್ರಯೋಗಗಳಲ್ಲಿ ಪರೀಕ್ಷಿಸಿದರು. ಮಾರುಕಟ್ಟೆಗೆ ಬಂದಿದ್ದು ಒಂದೇ ಒಂದು, ಮೆಮಾಂಟಿನ್. ಅದೂ ಲಕ್ಷಣಗಳನ್ನು ಸ್ವಲ್ಪ ಹಗುರ ಮಾಡುವ ಔಷಧ ಅಷ್ಟೇ, ಕಾಯಿಲೆಯ ಬೇರಿಗೆ ಹೋಗುವುದಿಲ್ಲ. ಅಮಿಲಾಯ್ಡ್ ಹುಟ್ಟದಂತೆ ತಡೆಯುವ ಮಾತ್ರೆಗಳಲ್ಲಿ ಕೆಲವು ರೋಗಿಗಳ ಸ್ಥಿತಿಯನ್ನು ಇನ್ನಷ್ಟು ಕೆಡಿಸಿದವು. ನಂಬಿ ಬಂದವರಿಗೆ ಹೀಗಾದದ್ದು ದೊಡ್ಡ ನೋವಿನ ಸಂಗತಿ. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತನ್ನದೇ ತಜ್ಞರ ಸಮಿತಿಯ ಮಾತು ಕೇಳದೆ, ಅಮಿಲಾಯ್ಡ್ ತೆಗೆಯುವ ಔಷಧವಾದ ಅಡುಕಾನುಮ್ಯಾಬ್‌ಗೆ ಒಪ್ಪಿಗೆ ಕೊಟ್ಟಿತು. ಸಮಿತಿಯ ಮೂವರು ರಾಜೀನಾಮೆ ಕೊಟ್ಟು ಹೊರನಡೆದರು. 2024ರಲ್ಲಿ ಕಂಪನಿಯೇ ಆ ಔಷಧವನ್ನು ಕೈಬಿಟ್ಟಿತು. ಇದರ ಮೇಲೆ, ಅಮಿಲಾಯ್ಡ್‌ನ ಒಂದು ನಿರ್ದಿಷ್ಟ ರೂಪವೇ ಮರೆವಿಗೆ ಕಾರಣ ಅಂತ ಹೇಳಿದ್ದ 2006ರ ಹೆಸರಾಂತ ಪ್ರಬಂಧದ ಚಿತ್ರಗಳಲ್ಲಿ ಕೈಯಾಡಿಸಿದ ಗುರುತು ಸಿಕ್ಕಿ, 2024ರಲ್ಲಿ ಅದನ್ನು ಹಿಂಪಡೆಯಲಾಯಿತು. 18 ವರ್ಷ ಅದನ್ನು ನಂಬಿ ಎಷ್ಟು ಲ್ಯಾಬುಗಳು ದುಡ್ಡು, ಸಮಯ ಸುರಿದವೋ.

ಆದರೂ ಅಮಿಲಾಯ್ಡ್ ವಾದ ಆ ಒಂದು ಪ್ರಬಂಧದ ಮೇಲೆ ನಿಂತಿರಲಿಲ್ಲ. ಅದರ ಬುಡ ಜೀನ್‌ಗಳಲ್ಲಿದೆ. ಅಮಿಲಾಯ್ಡ್ ಹುಟ್ಟುವ ಮೂಲ ಪ್ರೋಟೀನಿನ ಜೀನ್ 21ನೇ ಕ್ರೋಮೋಸೋಮಿನಲ್ಲಿದೆ. ಡೌನ್ ಸಿಂಡ್ರೋಮ್ ಇರುವವರಿಗೆ ಆ ಕ್ರೋಮೋಸೋಮ್ ಒಂದು ಹೆಚ್ಚಿರುತ್ತದೆ. ನಲವತ್ತರ ಹೊತ್ತಿಗೆ ಅವರೆಲ್ಲರ ಮೆದುಳಿನಲ್ಲೂ ಹೆಚ್ಚುಕಡಿಮೆ ಅಮಿಲಾಯ್ಡ್ ಕೂತಿರುತ್ತದೆ. ಅದೇ ಜೀನಿನಲ್ಲಿ ಅಮಿಲಾಯ್ಡ್ ಕಡಿಮೆ ಹುಟ್ಟಿಸುವ ಒಂದು ಬದಲಾವಣೆ ಐಸ್‌ಲ್ಯಾಂಡ್‌ನ ಕೆಲವರಲ್ಲಿದೆ. ಅವರಿಗೆ ಅಲ್ಝೈಮರ್ ಬರುವುದು ಕಡಿಮೆ ಅಂತ 2012ರಲ್ಲಿ ಗೊತ್ತಾಯಿತು. ಇಷ್ಟು ಸಾಕ್ಷ್ಯ ಇರುವ ವಿಷಯವನ್ನು ಸುಮ್ನೆ ಎಸೆಯಲು ಬರುವುದಿಲ್ಲ. ಅಮಿಲಾಯ್ಡ್ ಕಾಯಿಲೆಯನ್ನು ಹೊತ್ತಿಸುತ್ತದೆ. ಹೊತ್ತಿಕೊಂಡ ಮೇಲೆ ಕಾಯಿಲೆ ಅದರ ಹಂಗಿಲ್ಲದೆಯೂ ಮುಂದುವರಿಯುತ್ತದೆ. ಇವತ್ತಿನ ಸಾಕ್ಷ್ಯಕ್ಕೆ ಹತ್ತಿರವಾಗಿ ಕಾಣುವ ವಿವರಣೆ ಇದೇ.

ತಪ್ಪಾಗಿದ್ದು ಬೇರೆ ಕಡೆ. ಹಣ, ಹುದ್ದೆ, ಗಮನ ಎಲ್ಲವೂ ಬಹುಕಾಲ ಒಂದೇ ದಿಕ್ಕಿಗೆ ಹರಿಯಿತು. ಇಲಿಗಳ ಮೇಲೆ ಅತಿಯಾದ ನಂಬಿಕೆ ಇಟ್ಟಿದ್ದು ಇನ್ನೊಂದು. ಇಲಿಗಳಿಗೆ ತಾನಾಗಿ ಅಲ್ಝೈಮರ್ ಬರುವುದಿಲ್ಲ. ಮನುಷ್ಯನ ದೋಷದ ಜೀನ್ ಸೇರಿಸಿ ಅಮಿಲಾಯ್ಡ್ ಬರಿಸುತ್ತಾರೆ, ಆಮೇಲೆ ಅದನ್ನು ತೆಗೆಯುತ್ತಾರೆ. ಎಂಬತ್ತರ ಮನುಷ್ಯನ ಮೆದುಳು ಅಷ್ಟು ಸರಳವಲ್ಲ. ಸತ್ತ ನಂತರ ಪರೀಕ್ಷಿಸಿದರೆ ಅಲ್ಲಿ ಅಮಿಲಾಯ್ಡ್ ಮತ್ತು ಟೌ ಜೊತೆಗೆ ಪಾರ್ಕಿನ್ಸನ್ ಕಾಯಿಲೆಯ ಆಲ್ಫಾ ಸೈನ್ಯೂಕ್ಲಿನ್, ಟಿಡಿಪಿ-43 ಅನ್ನುವ ಮತ್ತೊಂದು ಪ್ರೋಟೀನ್, ಸಣ್ಣ ರಕ್ತನಾಳಗಳು ಕಟ್ಟಿಕೊಂಡ ಗುರುತುಗಳು ಒಟ್ಟಿಗೇ ಸಿಗುತ್ತವೆ. ಒಬ್ಬ ಹಿರಿಯರಲ್ಲಿ ಎರಡು ಮೂರು ಕಾಯಿಲೆ ಸೇರಿಕೊಂಡಿರುವುದು ಸಾಮಾನ್ಯ. ಅದರಲ್ಲಿ ಒಂದನ್ನು ಮಾತ್ರ ತೆಗೆದರೆ ಸಿಗುವ ಲಾಭವೂ ಅಷ್ಟೇ ಅಲ್ವಾ? ಮೆದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳ ಕಡೆಗೆ ಈಗ ಗಮನ ಹೋಗಿರುವುದು ಅದಕ್ಕೇ. ಕಸ ನುಂಗುವ ಈ ಕೋಶಗಳು ವಯಸ್ಸಾದಂತೆ ದಾರಿ ತಪ್ಪಿ ಒಳ್ಳೆಯ ನರ ಸಂಪರ್ಕಗಳನ್ನೂ ತಿನ್ನುತ್ತವೆ ಅನ್ನುವುದಕ್ಕೆ ಸಾಕ್ಷ್ಯ ಹೆಚ್ಚುತ್ತಿದೆ.

ಈಗ ರಕ್ತಪರೀಕ್ಷೆಗೆ ಬರೋಣ. ಮುಂದಿನ ವರ್ಷಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನರನ್ನು ಮುಟ್ಟುವುದು ಇದೇ. ಮೆದುಳಿನಲ್ಲಿ ಅಮಿಲಾಯ್ಡ್ ಏರಿದಂತೆ ಟೌ ಪ್ರೋಟೀನಿನ ಒಂದು ರೂಪ ರಕ್ತದಲ್ಲೂ ಏರುತ್ತದೆ. ಅದರ ಹೆಸರು ಪಿ-ಟೌ217. ಪ್ರಮಾಣ ತೀರಾ ಕಡಿಮೆ. ಅದನ್ನು ಅಳೆಯುವಷ್ಟು ಸೂಕ್ಷ್ಮವಾದ ಯಂತ್ರಗಳು ಬಂದಿದ್ದೇ ಇತ್ತೀಚೆಗೆ. ದುಬಾರಿ ಪೆಟ್ ಸ್ಕ್ಯಾನ್ ಇಲ್ಲದೆ, ಬೆನ್ನಿಗೆ ಸೂಜಿ ಚುಚ್ಚಿ ದ್ರವ ತೆಗೆಯದೆ, ಕೈಯಿಂದ ಸ್ವಲ್ಪ ರಕ್ತ ತೆಗೆದರೆ ಸಾಕು. 2025ರ ಮೇ ತಿಂಗಳಲ್ಲಿ ಇಂಥ ಮೊದಲ ಪರೀಕ್ಷೆಗೆ ಎಫ್‌ಡಿಎ ಅನುಮತಿ ಕೊಟ್ಟಿತು. ಅನುಮತಿಯ ಮಾತುಗಳನ್ನು ಗಮನಿಸಬೇಕು. ನಡುವಯಸ್ಸು ದಾಟಿದವರಿಗೆ, ಅದರಲ್ಲೂ ಈಗಾಗಲೇ ಮರೆವಿನ ಲಕ್ಷಣ ಇರುವವರಿಗೆ ಮಾತ್ರ.

ಲಕ್ಷಣವೇ ಇಲ್ಲದವರು ಸುಮ್ನೆ ತಿಳಿದುಕೊಳ್ಳೋಣ ಅಂತ ಮಾಡಿಸಬಹುದಾ? ಈಗ ಬೇಡ ಅನ್ನುತ್ತೇನೆ. ಅಮಿಲಾಯ್ಡ್ ಇದ್ದ ಎಲ್ಲರಿಗೂ ಮರೆವು ಬರುವುದಿಲ್ಲ. 1986ರಲ್ಲಿ ಡೇವಿಡ್ ಸ್ನೋಡನ್ ಅಮೆರಿಕದ 678 ಕ್ರೈಸ್ತ ಸನ್ಯಾಸಿನಿಯರ ಅಧ್ಯಯನ ಶುರು ಮಾಡಿದರು. ಅವರು ಸತ್ತ ನಂತರ ಮೆದುಳನ್ನೂ ದಾನ ಕೊಟ್ಟರು. 101 ವರ್ಷ ಬದುಕಿದ ಒಬ್ಬರು ಕೊನೆಯವರೆಗೂ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ತೆಗೆದಿದ್ದರು. ಮೆದುಳು ನೋಡಿದರೆ ಅಲ್ಝೈಮರ್‌ನ ಗುರುತುಗಳು ಹೇರಳವಾಗಿದ್ದವು. ಅವರಿಗೆ 80ನೇ ವಯಸ್ಸಿನಲ್ಲಿ ರಕ್ತಪರೀಕ್ಷೆ ಮಾಡಿ "ನಿಮಗೆ ಕಾಯಿಲೆ ಇದೆ" ಅಂದಿದ್ದರೆ ಉಳಿದ 20 ವರ್ಷ ಹೇಗೆ ಬದುಕುತ್ತಿದ್ದರು? ಲಕ್ಷಣ ಇಲ್ಲದವರಿಗೆ ಕೊಡಲು ಒಪ್ಪಿಗೆ ಪಡೆದ ಔಷಧ ಇವತ್ತಿಗೂ ಒಂದೂ ಇಲ್ಲ. ಕೈಗೆ ಪರಿಹಾರ ಕೊಡದೆ ಭಯ ಮಾತ್ರ ಕೊಡುವ ಪರೀಕ್ಷೆ ಮಾರಾಟದ ಸರಕಾಗಬಾರದು. ಮರೆವು ಶುರುವಾಗಿ, ಇದು ಅಲ್ಝೈಮರಾ, ಖಿನ್ನತೆಯಾ, ಥೈರಾಯ್ಡ್ ತೊಂದರೆಯಾ, ಬಿ12 ಕೊರತೆಯಾ ಅಂತ ತಿಳಿಯದೆ ವರ್ಷಗಟ್ಟಲೆ ಅಲೆಯುವವರಿಗೆ ಮಾತ್ರ ಇದು ದೊಡ್ಡ ಉಪಕಾರ.

ಬೇರೆ ಮೆದುಳಿನ ಕಾಯಿಲೆಗಳದ್ದೂ ಇದೇ ಕತೆ. ಪಾರ್ಕಿನ್ಸನ್‌ನಲ್ಲಿ ಕೈ ನಡುಕ ಬರುವ ಎಷ್ಟೋ ವರ್ಷ ಮೊದಲೇ ಮೂಗಿಗೆ ವಾಸನೆ ತಿಳಿಯುವುದು ಕಡಿಮೆಯಾಗಬಹುದು. ಕೆಲವರು ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬಡಿಯುತ್ತಾರೆ, ಕೂಗುತ್ತಾರೆ. ಬೆನ್ನುಹುರಿಯ ದ್ರವದಲ್ಲಿ ಆಲ್ಫಾ ಸೈನ್ಯೂಕ್ಲಿನ್ ಪತ್ತೆ ಮಾಡುವ ಪರೀಕ್ಷೆ ಎಷ್ಟು ನಿಖರ ಅನ್ನುವುದು 2023ರಲ್ಲಿ ದೊಡ್ಡ ಅಧ್ಯಯನವೊಂದರಿಂದ ಗೊತ್ತಾಯಿತು. ನಡುಕ ಇನ್ನೂ ಬರದ ಕೆಲವರಲ್ಲೂ ಅದು ಕಂಡಿತು. ವಂಶದಲ್ಲಿ ಹರಿದುಬರುವ ಹಂಟಿಂಗ್ಟನ್ ಅನ್ನುವ ಮೆದುಳಿನ ಕಾಯಿಲೆಯ ಜೀನ್ 1993ರಲ್ಲಿ ಸಿಕ್ಕಿತು, ವೆನೆಜುವೆಲಾದ ಮರಕೈಬೊ ಸರೋವರದ ದಂಡೆಯ ಕುಟುಂಬಗಳು ಕೊಟ್ಟ ರಕ್ತದಿಂದ. ಮೆದುಳಿಗೆ ನೇರವಾಗಿ ಸೇರಿಸುವ ಜೀನ್ ಚಿಕಿತ್ಸೆ ಈ ಕಾಯಿಲೆಯನ್ನು ಮೂರು ವರ್ಷದಲ್ಲಿ ಗಣನೀಯವಾಗಿ ನಿಧಾನ ಮಾಡಿತು ಅಂತ 2025ರ ಸೆಪ್ಟೆಂಬರಿನಲ್ಲಿ ಕಂಪನಿ ಹೇಳಿತು. ರೋಗಿಗಳ ಸಂಖ್ಯೆ ಬಹಳ ಸಣ್ಣದು, ಹಾಗಾಗಿ ಸಂಭ್ರಮ ಬೇಡ. ಆದರೆ ದಾರಿ ಇದೆ ಅನ್ನುವುದಕ್ಕೆ ಇದು ಒಳ್ಳೆಯ ಸೂಚನೆ.

ಕಳೆದ ಕೆಲವು ವರ್ಷಗಳ ಸಂಶೋಧನೆಯಲ್ಲಿ ನನ್ನನ್ನು ತುಂಬಾ ಹಿಡಿದಿಟ್ಟಿದ್ದು ವೇಲ್ಸ್‌ನ ಒಂದು ಅಧ್ಯಯನ. ಅದರಲ್ಲಿ ಹೊಸ ಔಷಧವೂ ಇಲ್ಲ, ಹೊಸ ಯಂತ್ರವೂ ಇಲ್ಲ. ಸರ್ಪಸುತ್ತು ಗೊತ್ತಲ್ಲ, ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ ನರಗಳಲ್ಲಿ ಅಡಗಿ ಕೂತು ವಯಸ್ಸಾದ ಮೇಲೆ ಮತ್ತೆ ಏಳುವುದು. ಅದಕ್ಕೆ ಲಸಿಕೆ ಹಾಕುವ ಕಾರ್ಯಕ್ರಮ ವೇಲ್ಸ್‌ನಲ್ಲಿ 2013ರ ಸೆಪ್ಟೆಂಬರ್ 1ರಂದು ಶುರುವಾಯಿತು. ಲಸಿಕೆ ಸಾಲದೆಂದು ಸರ್ಕಾರ ವಯಸ್ಸಿನ ಗೆರೆ ಎಳೆಯಿತು. 1933ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಲಸಿಕೆ ಉಂಟು. ಅದಕ್ಕೆ ಮೊದಲು ಹುಟ್ಟಿದವರಿಗೆ ಎಂದೂ ಇಲ್ಲ. ಒಂದು ವಾರ ಮೊದಲು ಹುಟ್ಟಿದವರಲ್ಲಿ ಲಸಿಕೆ ಪಡೆದವರು ಇಲ್ಲವೇ ಇಲ್ಲ ಅನ್ನಬಹುದು. ಒಂದು ವಾರ ಆಮೇಲೆ ಹುಟ್ಟಿದವರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಜನ ಪಡೆದರು.

ಇದರ ಬೆಲೆ ಏನು ಅಂತ ಯೋಚಿಸಿ. ಸಾಮಾನ್ಯವಾಗಿ ಲಸಿಕೆ ಹಾಕಿಸಿಕೊಳ್ಳುವವರು ಆರೋಗ್ಯದ ಕಾಳಜಿ ಇರುವವರು. ಅವರಿಗೆ ಡಿಮೆನ್ಷಿಯಾ ಕಡಿಮೆ ಬಂದರೆ ಅದು ಲಸಿಕೆಯಿಂದಲೋ, ಅವರ ಜೀವನ ಕ್ರಮದಿಂದಲೋ ಹೇಳಲಾಗದು. ಇಲ್ಲಿ ಹಾಗಲ್ಲ. ಒಂದು ವಾರದ ಅಂತರದಲ್ಲಿ ಹುಟ್ಟಿದ ಎರಡು ಗುಂಪಿನ ನಡುವೆ ಬೇರೆ ಯಾವ ವ್ಯತ್ಯಾಸವೂ ಇರಲು ಕಾರಣವಿಲ್ಲ. ಏಳು ವರ್ಷದ ದಾಖಲೆ ನೋಡಿದಾಗ, ಲಸಿಕೆ ಪಡೆದವರಲ್ಲಿ ಹೊಸದಾಗಿ ಡಿಮೆನ್ಷಿಯಾ ಬಂದದ್ದು ಸುಮಾರು ಶೇ. 20ರಷ್ಟು ಕಡಿಮೆ ಅಂತ ಲೆಕ್ಕ ಸಿಕ್ಕಿತು. ಹೆಂಗಸರಲ್ಲಿ ಲಾಭ ಹೆಚ್ಚು. 2025ರ ಏಪ್ರಿಲ್‌ನಲ್ಲಿ ಇದು ಪ್ರಕಟವಾಯಿತು. ವೈರಸ್ಸೇ ಮೆದುಳಿಗೆ ತೊಂದರೆ ಕೊಡುತ್ತದಾ, ಲಸಿಕೆ ರೋಗನಿರೋಧಕ ವ್ಯವಸ್ಥೆಯನ್ನೇ ಸ್ವಲ್ಪ ಸರಿದಾರಿಗೆ ತರುತ್ತದಾ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಇದನ್ನೂ ಸರಿಯಾದ ಪ್ರಯೋಗದಲ್ಲಿ ಪರೀಕ್ಷಿಸಲೇಬೇಕು. ಯಾಕೆ ಅನ್ನುವುದಕ್ಕೆ ತಾಜಾ ಉದಾಹರಣೆ ಸೆಮಾಗ್ಲುಟೈಡ್. ಶುಗರ್‌ಗೆ, ತೂಕ ಇಳಿಸಲು ಕೊಡುವ ಔಷಧ ಇದು. ಇದನ್ನು ತೆಗೆದುಕೊಳ್ಳುವವರಿಗೆ ಡಿಮೆನ್ಷಿಯಾ ಕಡಿಮೆ ಅಂತ ಆಸ್ಪತ್ರೆ ದಾಖಲೆಗಳು ಸೂಚಿಸಿದ್ದವು. ಸುಮಾರು 3,800 ಅಲ್ಝೈಮರ್ ರೋಗಿಗಳ ಮೇಲೆ ಎರಡು ದೊಡ್ಡ ಪ್ರಯೋಗ ಮಾಡಿದರು. ಕಾಯಿಲೆ ನಿಧಾನವಾಗಲಿಲ್ಲ ಅಂತ 2025ರ ನವೆಂಬರಿನಲ್ಲಿ ಗೊತ್ತಾಯಿತು. ಇಲ್ಲೂ ಔಷಧ ಸಿಕ್ಕಿದ್ದು ಕಾಯಿಲೆ ಬಂದ ಮೇಲೆ ಅನ್ನುವುದನ್ನು ಗಮನಿಸಿ. ನಡುವಯಸ್ಸಿನಲ್ಲಿ ಕೊಟ್ಟಿದ್ದರೆ ಏನಾಗುತ್ತಿತ್ತು ಅನ್ನುವ ಪ್ರಶ್ನೆಗೆ ಈ ಪ್ರಯೋಗ ಉತ್ತರ ಕೊಡುವುದಿಲ್ಲ.

ಆ ಮೂಕ 20 ವರ್ಷಗಳಲ್ಲಿ ಈಗಲೇ ಮಾಡಬಹುದಾದ ಕೆಲಸವೂ ಇದೆ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ 14 ಕಾರಣಗಳನ್ನು ಗುರುತಿಸಿತು. ಕಡಿಮೆ ಓದು, ಕಿವಿ ಕೇಳದಿರುವುದು, ಬಿಪಿ, ಶುಗರ್, ಕೆಟ್ಟ ಕೊಲೆಸ್ಟ್ರಾಲ್, ಸಿಗರೇಟು, ಕುಡಿತ, ತಲೆಗೆ ಪೆಟ್ಟು, ಖಿನ್ನತೆ, ಒಂಟಿತನ, ಕೆಟ್ಟ ಗಾಳಿ, ಬೊಜ್ಜು, ಮೈ ಬಗ್ಗಿಸದ ಜೀವನ, ಸರಿಪಡಿಸದ ದೃಷ್ಟಿದೋಷ. ಇವನ್ನೆಲ್ಲ ಇಲ್ಲವಾಗಿಸಿದರೆ ಶೇ. 45ರಷ್ಟು ಡಿಮೆನ್ಷಿಯಾ ತಡೆಯಬಹುದು ಅಥವಾ ಮುಂದೂಡಬಹುದು ಅನ್ನುವುದು ಅವರ ಅಂದಾಜು. ಇದನ್ನು ಓದಿ "ಕಾಯಿಲೆ ಬಂದವರು ತಾವೇ ತಂದುಕೊಂಡರು" ಅಂತ ಯಾರೂ ಅಂದುಕೊಳ್ಳಬಾರದು. ಉಸಿರಾಡುವ ಗಾಳಿಯನ್ನು, ಬಾಲ್ಯದಲ್ಲಿ ಸಿಗದ ಶಾಲೆಯನ್ನು ಯಾರೂ ಆರಿಸಿಕೊಂಡಿರುವುದಿಲ್ಲ. ಶೇ. 45 ಅನ್ನುವುದು ಇಡೀ ಸಮಾಜದ ಲೆಕ್ಕ. ಒಬ್ಬ ವ್ಯಕ್ತಿಗೆ ಕೊಡುವ ಗ್ಯಾರಂಟಿ ಅಲ್ಲ.

ಇವುಗಳಲ್ಲಿ ಬಿಪಿಯ ಸಾಕ್ಷ್ಯ ಗಟ್ಟಿ. 9,000ಕ್ಕೂ ಹೆಚ್ಚು ಜನರ ಪ್ರಯೋಗದಲ್ಲಿ ಅರ್ಧ ಜನರ ಮೇಲಿನ ಬಿಪಿಯನ್ನು 140ರ ಬದಲು 120ಕ್ಕಿಂತ ಕೆಳಗೆ ತರುವ ಗುರಿ ಇಟ್ಟುಕೊಂಡರು. ಅವರಲ್ಲಿ ಡಿಮೆನ್ಷಿಯಾದ ಮೊದಲ ಮೆಟ್ಟಿಲಾದ ಸೌಮ್ಯ ಮರೆವು ಶೇ. 19ರಷ್ಟು ಕಡಿಮೆಯಾಯಿತು ಅಂತ 2019ರಲ್ಲಿ ವರದಿಯಾಯಿತು. ಕಿವಿಯ ವಿಷಯ ಸ್ವಲ್ಪ ತೊಡಕು. 977 ಜನರಿಗೆ ಮಾಡಿದ ಮೂರು ವರ್ಷದ ಪ್ರಯೋಗದಲ್ಲಿ ಹಿಯರಿಂಗ್ ಏಡ್‌ನಿಂದ ಒಟ್ಟಾರೆ ಲಾಭ ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದವರಲ್ಲಿ ಮಾತ್ರ ಬುದ್ಧಿಶಕ್ತಿ ಕುಂದುವ ವೇಗ ಅರ್ಧದಷ್ಟು ಇಳಿಯಿತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು ದಶಕಗಳಿಂದ ಗಮನಿಸುತ್ತಿರುವ ಅಧ್ಯಯನ ಇನ್ನೊಂದು ದೊಡ್ಡ ಸಂಗತಿ ತೋರಿಸಿದೆ. 1970ರ ದಶಕದ ಕೊನೆಯಿಂದ ಪ್ರತಿ ದಶಕಕ್ಕೂ ಅಲ್ಲಿ ಹೊಸ ಡಿಮೆನ್ಷಿಯಾ ಪ್ರಮಾಣ ಸರಾಸರಿ ಶೇ. 20ರಷ್ಟು ಇಳಿದಿದೆ. ಹೈಸ್ಕೂಲಾದರೂ ಮುಗಿಸಿದವರಲ್ಲಿ ಮಾತ್ರ. ಯಾವ ಅಮಿಲಾಯ್ಡ್ ಔಷಧವೂ ಇಲ್ಲದ ಕಾಲದಲ್ಲಿ ಆದ ಇಳಿಕೆ ಇದು.

ಔಷಧವನ್ನು ಮೊದಲೇ ಕೊಟ್ಟು ನೋಡುವ ಪ್ರಯೋಗಗಳೂ ನಡೆಯುತ್ತಿವೆ. ಲೆಕಾನೆಮ್ಯಾಬನ್ನೂ ಅದರಂತೆಯೇ ಅಮಿಲಾಯ್ಡ್ ತೆಗೆಯುವ ಡೊನಾನೆಮ್ಯಾಬನ್ನೂ ಅಮಿಲಾಯ್ಡ್ ಇದ್ದೂ ಮರೆವು ಬರದವರಿಗೆ ಕೊಡಲಾಗುತ್ತಿದೆ. ಇದೇ ಥರದ ಹಳೆಯ ಪ್ರಯತ್ನವೊಂದು, ಸೋಲನೆಜುಮ್ಯಾಬ್ ಔಷಧದ್ದು, 2023ರಲ್ಲಿ ಸೋತಿತ್ತು. ಅದು ಕೂತ ಅಮಿಲಾಯ್ಡನ್ನು ತೆಗೆಯುವಷ್ಟು ಬಲದ ಔಷಧ ಅಲ್ಲ ಅನ್ನುವುದು ಅದಕ್ಕೆ ಕೊಡುವ ಕಾರಣ. ಆಸೆ ಹುಟ್ಟಿಸಿದ್ದು 2025ರ ಇನ್ನೊಂದು ವರದಿ. ವಂಶದಲ್ಲೇ ಕಾಯಿಲೆ ಇರುವ 22 ಜನ, ಲಕ್ಷಣ ಕಾಣುವ ಮೊದಲೇ ಶುರು ಮಾಡಿ ಸರಾಸರಿ 8 ವರ್ಷ ಅಮಿಲಾಯ್ಡ್ ತೆಗೆಯುವ ಔಷಧ ತೆಗೆದುಕೊಂಡಿದ್ದರು. ಲಕ್ಷಣ ಕಾಣಿಸಿಕೊಳ್ಳುವ ಅಪಾಯ ಅವರಲ್ಲಿ ಅರ್ಧಕ್ಕೆ ಇಳಿಯಿತು. 22 ಜನರ ಮೇಲೆ ಮನೆ ಕಟ್ಟಲಾಗದು ನಿಜ. ಆದರೆ ಕಾಲದ ವಾದಕ್ಕೆ ಮನುಷ್ಯರಲ್ಲಿ ಸಿಕ್ಕ ಮೊದಲ ಸಾಕ್ಷ್ಯಗಳಲ್ಲಿ ಇದೊಂದು.

ಈ ಪ್ರಯೋಗಗಳಲ್ಲಿ ಸೇರುವವರು ಬಹುಪಾಲು ಶ್ರೀಮಂತ ದೇಶಗಳ ಬಿಳಿಯರು. ಡಿಮೆನ್ಷಿಯಾ ಇರುವವರಲ್ಲಿ ಶೇ. 60ಕ್ಕೂ ಹೆಚ್ಚು ಜನ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಈ ಅಂತರ ಮುಚ್ಚದಿದ್ದರೆ ಸಿಗುವ ಉತ್ತರ ಅರ್ಧ ಜಗತ್ತಿಗೆ ಹೊಂದದೆ ಹೋಗಬಹುದು. ಕೊಲಂಬಿಯಾ, ವೆನೆಜುವೆಲಾದ ಕುಟುಂಬಗಳು ರಕ್ತ ಕೊಟ್ಟರು, ಮೆದುಳು ಕೊಟ್ಟರು. ಅದರಿಂದ ಹುಟ್ಟುವ ಔಷಧ ಅವರ ಕೈಗೆಟುಕುವಂತೆ ಮಾಡುವುದು ಋಣ, ಉಪಕಾರ ಅಲ್ಲ.

ಮುಂದಿನ ತಲೆಮಾರಿಗಾಗಿ ಮೂಕ ವರ್ಷಗಳ ಮೇಲೆ ಕೆಲಸ ನಡೆಯಲಿ. ಆದರೆ ಈಗಾಗಲೇ ಆ ವರ್ಷಗಳನ್ನು ದಾಟಿ ಬಂದ ಕೋಟ್ಯಂತರ ಜನರಿಗೂ ಸಂಶೋಧನೆ ಬೇಕು. 2019ರಲ್ಲಿ ಡಿಮೆನ್ಷಿಯಾದಿಂದ ಜಗತ್ತಿಗೆ ಬಿದ್ದ ಹೊರೆ 1.3 ಲಕ್ಷ ಕೋಟಿ ಡಾಲರ್ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅದರಲ್ಲಿ ಅರ್ಧದಷ್ಟು, ಮನೆಯವರೇ ಸಂಬಳವಿಲ್ಲದೆ ಮಾಡುವ ಆರೈಕೆಯ ಬೆಲೆ. ಆರೈಕೆಯ ಗಂಟೆಗಳಲ್ಲಿ ಶೇ. 70ರಷ್ಟು ಹೆಂಗಸರದ್ದು. ರಾತ್ರಿ ನಿದ್ದೆಗೆಟ್ಟು ಓಡಾಡುವ ರೋಗಿಯನ್ನು ಸಮಾಧಾನ ಮಾಡುವುದು ಹೇಗೆ, ನುಂಗಲು ಮರೆತವರಿಗೆ ಊಟ ಮಾಡಿಸುವುದು ಹೇಗೆ, ನೋಡಿಕೊಳ್ಳುವವರು ಕುಸಿಯದಂತೆ ತಡೆಯುವುದು ಹೇಗೆ, ಇವೂ ವಿಜ್ಞಾನದ ಪ್ರಶ್ನೆಗಳೇ. ಹೊಸ ಔಷಧದ ಪ್ರತಿಯೊಂದು ಪ್ರಯೋಗವೂ ರೋಗಿಯ ಅಂಕದ ಜೊತೆಗೆ ಮನೆಯವರ ಆರೈಕೆಯ ಗಂಟೆ ಎಷ್ಟು ಇಳಿಯಿತು ಅನ್ನುವುದನ್ನೂ ಅಳೆದು, ಅಷ್ಟೇ ದೊಡ್ಡ ಅಕ್ಷರದಲ್ಲಿ ಪ್ರಕಟಿಸಬೇಕು.